ಸೊಡರಿನ ಬೆಲೆ

ಬೈಲಹೊಂಗಲದ ಪೇಟೆಯ ಹಿಂದಣ ಓಣಿಯಲ್ಲಿ ನಾನು ಬಾಲ್ಯವನ್ನು ಕಳೆದ ಮನೆಯಲ್ಲಿ, ಹೊತ್ತು ಮುಳುಗುವುದಕ್ಕೆ ಮೊದಲೇ ನಮ್ಮ ಅಜ್ಜಿ ಕಂದೀಲಿನ ಗಾಜನ್ನು ಕಳಚಿ, ಹಳೆಯ ಸೀರೆಯ ಚೂರಿನಲ್ಲಿ ಒಲೆಯ ಬೂದಿಯನ್ನು ಹಿಡಿದು ಒಳಗಣ ಮಸಿಯನ್ನೊರೆಸಿ, ಬತ್ತಿಯ ಸುಟ್ಟ ತುದಿಯನ್ನು ಕತ್ತರಿಯಿಂದ ನೇರಮಾಡಿ, ಕೊನೆಗೆ ಕಂದೀಲಿನ ಬುಡವನ್ನು ಕಿವಿಯ ಬಳಿ ಹಿಡಿದು ಅಲುಗಿಸಿ, ಎಣ್ಣೆ ಎಷ್ಟು ಉಳಿದಿದೆಯೆಂಬುದನ್ನು ಅದರ ಸಪ್ಪಳದಿಂದಲೇ ಅಳೆಯುತ್ತಿದ್ದಳು. ಓದಲು ಕುಳಿತ ನಾವು ಪುಸ್ತಕ ಮುಚ್ಚಿದೆವೋ ಇಲ್ಲವೋ, ಅಡಿಗೆಮನೆಯಿಂದ ಅವಳ ಕೂಗು ಬರುತ್ತಿದ್ದಿತು: “ದೀಪಾ ಸಣ್ಣ ಮಾಡ್ರೋ, ಸಂತಿ ಇನ್ನೂ ನಾಕ ದಿನಾ ಐತಿ.” ಬೆಳಕೆಂಬುದು ಅಳತೆಗೆ ಒಳಪಟ್ಟ ವಸ್ತುವೆಂದೂ, ಆ ಅಳತೆಗೊಂದು ಬೆಲೆಯುಂಟೆಂದೂ, ಆ ಬೆಲೆಯನ್ನು ಕಟ್ಟುವ ಕೈ ನಮ್ಮ ಮನೆಯ ಹೊರಗೆ ಎಲ್ಲಿಯೋ ಇದೆಯೆಂದೂ ನಾನು ಮೊದಲು ಅರಿತುದು ಆ ಕೂಗಿನಿಂದ. ಆ ಕೈ ಯಾರದೆಂಬ ಪ್ರಶ್ನೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನೆಲದಲ್ಲಿ ಕಾಲಕಾಲಕ್ಕೆ ಬೇರೆಬೇರೆ ಉತ್ತರಗಳು ದೊರೆತಿರುವುವು.

ಎರೆಯ ಹೊಲಗಳ ಈ ಸೀಮೆಯಲ್ಲಿ ಜೋಳದ ನಡುವೆ ಅಕ್ಕಡಿಯಾಗಿ ಕುಸುಬೆಯನ್ನು ಬಿತ್ತುವುದು ಹಳೆಯ ವಾಡಿಕೆ. ಗಾಣದಿಂದ ಇಳಿದ ಎಣ್ಣೆಯಲ್ಲಿ ಒಗ್ಗರಣೆಗೆ ಎಷ್ಟು, ಪಣತಿಗೆ ಎಷ್ಟು ಎಂಬುದನ್ನು ಮನೆಯ ಹೆಂಗಸೇ ತೀರ್ಮಾನಿಸುತ್ತಿದ್ದಳು. ಆದರೆ ಆ ಗಾಣವೂ ಕಂದಾಯದಿಂದ ಹೊರತಾಗಿರಲಿಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ಗಾಣದೆರೆಯ ಮಾತೂ, ದೇವಾಲಯದ ನಂದಾದೀವಿಗೆಗಾಗಿ ಬಿಟ್ಟ ಎಣ್ಣೆಯ ಮಾತೂ ಮತ್ತೆ ಮತ್ತೆ ಬರುವುದನ್ನು ಬಲ್ಲವರು, ಸುಗಂಧವರ್ತಿಯೆಂಬ ಹೆಸರಿನಿಂದ ಈ ಸವದತ್ತಿಯನ್ನು ರಾಜಧಾನಿ ಮಾಡಿಕೊಂಡಿದ್ದ ರಟ್ಟರ ಕಾಲದಲ್ಲಿಯೂ ಬಡವನ ಗುಡಿಸಲಿನ ಪಣತಿಗೆ ಅರಸನ ಪಾಲನ್ನು ಕಳೆದುಳಿದ ಎಣ್ಣೆಯೇ ಬರುತ್ತಿದ್ದಿತೆಂದು ಊಹಿಸಿದರೆ ತಪ್ಪಾಗದು. ಆ ಕಾಲದಲ್ಲಿ ಬೆಳಕಿನ ಬೆಲೆಯನ್ನು ಕಟ್ಟುತ್ತಿದ್ದುದು ಮಳೆ. ಹಿಂಗಾರು ಕೈಕೊಟ್ಟ ವರ್ಷ ದೀಪ ಬೇಗನೆ ಆರುತ್ತಿದ್ದಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಡಲಾಚೆಯ ಸೀಮೆಎಣ್ಣೆಯು ತಗಡಿನ ಡಬ್ಬಿಗಳಲ್ಲಿ ಬಂದು ಈ ಲೆಕ್ಕವನ್ನು ಬುಡಮೇಲು ಮಾಡಿತು. ನಮ್ಮ ಕಡೆಯ ಜನ ಅದನ್ನು ಇಂದಿಗೂ ಚಿಮಣಿ ಎಣ್ಣೆಯೆಂದೇ ಕರೆಯುವರು. ಕುಸುಬೆಯ ದೀಪಕ್ಕಿಂತ ಅದರ ಬೆಳಕು ಪ್ರಖರವಾಗಿದ್ದಿತು. ಆದರೆ ಅದರ ಬೆಲೆಯಲ್ಲಿ ಹೊಲದ ಪಾತ್ರ ಹೋಗಿ ದಾರಿಯ ಪಾತ್ರ ಬಂದಿತು. 1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯು ಬೆಳಗಾವಿ ಮತ್ತು ಧಾರವಾಡಗಳನ್ನು ಮುಟ್ಟಿತಾದರೂ ನಮ್ಮ ನಾಲ್ಕು ಊರುಗಳಲ್ಲಿ ಒಂದನ್ನಾದರೂ ಮುಟ್ಟಲಿಲ್ಲ. ಇಂದಿಗೂ ಈ ಊರುಗಳಲ್ಲಿ ರೈಲಿನ ಸಿಳ್ಳು ಕೇಳಿಸದು. ಆದುದರಿಂದ ಡಬ್ಬಿಯು ರೈಲಿನಿಂದಿಳಿದು ಎತ್ತಿನ ಬಂಡಿಯೇರಿ, ಮಳೆಗಾಲದ ಎರೆಯ ಕೆಸರಿನಲ್ಲಿ ಹೂತ ಗಾಲಿಗಳನ್ನು ಎತ್ತುತ್ತ, ಮಲಪ್ರಭೆಯ ಹೊಳೆದಾರಿಯನ್ನು ಕಾಯುತ್ತ ರಾಮದುರ್ಗಕ್ಕೆ ಬರುವಷ್ಟರಲ್ಲಿ ಬಂಡಿಯ ಬಾಡಿಗೆಯೂ, ನಡುವಣ ವ್ಯಾಪಾರಿಯ ಲಾಭವೂ, ಸೋರಿದ ಎಣ್ಣೆಯ ನಷ್ಟವೂ ಅದರ ಮೇಲೆ ಕುಳಿತಿರುತ್ತಿದ್ದುವು. ಪಟ್ಟಣದಿಂದ ದೂರವಿದ್ದಷ್ಟೂ ಬಡವನಾಗಿರುವವನು, ದೂರವಿದ್ದಷ್ಟೂ ಬೆಳಕಿಗೆ ಹೆಚ್ಚು ತೆರಬೇಕಾದ ಈ ಅನ್ಯಾಯವು ಯಾರೊಬ್ಬರ ದುಷ್ಟತನದಿಂದ ಹುಟ್ಟಿದುದಲ್ಲ. ಅಂತೆಯೇ ಅದನ್ನು ಯಾರ ಮುಂದೆ ದೂರಿಕೊಳ್ಳಬೇಕೆಂಬುದೂ ತಿಳಿಯುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದ ಅಭಾವವು ಪಡಿತರವನ್ನು ತಂದಿತು; ಅಂದಿನಿಂದ ಚಿಮಣಿ ಎಣ್ಣೆಗೆ ಸರಕಾರವು ಬೆಲೆಯ ಮಿತಿಯನ್ನು ಗೊತ್ತುಮಾಡುವ ಪದ್ಧತಿ ಬಲಿಯಿತು. 1993ರ ಸೀಮೆಎಣ್ಣೆ ಆದೇಶದ ಹೆಸರಿನಲ್ಲಿಯೇ ಬಳಕೆಯ ನಿರ್ಬಂಧ ಮತ್ತು ಗರಿಷ್ಠ ಬೆಲೆಯ ನಿರ್ಣಯವೆಂಬ ಎರಡು ಮಾತುಗಳು ಸೇರಿಕೊಂಡಿವೆ. ಸೊಸೈಟಿಯ ಮುಂದೆ ಕ್ಯಾನುಗಳನ್ನು ಸಾಲಾಗಿಟ್ಟು, ತಮ್ಮ ಸರದಿಗೆ ಗುರುತಾಗಿ ಮೇಲೊಂದು ಕಲ್ಲು ಹೇರಿ, ನೆರಳಿಗೆ ಹೋಗಿ ಕುಳಿತ ಹೆಂಗಸರನ್ನು ಕಂಡವರಿಗೆ, ಮಿತಿಯೆಂಬುದು ಕಾಗದದ ಮೇಲೆ ಎಷ್ಟು ಸರಳವಾಗಿದ್ದರೂ ಬೀದಿಯಲ್ಲಿ ಅದಕ್ಕೆ ಕಾಯುವಿಕೆಯೆಂಬ ಇನ್ನೊಂದು ಬೆಲೆಯುಂಟೆಂಬುದು ಗೊತ್ತು.

ವಿದ್ಯುತ್ತಿನ ಕಥೆ ಇದಕ್ಕಿಂತ ಜಟಿಲವಾದುದು, ನನ್ನ ಮಟ್ಟಿಗೆ ಇದಕ್ಕಿಂತ ಉದಾತ್ತವಾದುದೂ ಹೌದು. ನಮ್ಮ ದೇಶದ 1910ರ ವಿದ್ಯುಚ್ಛಕ್ತಿ ಕಾಯಿದೆಯು, ವಿದ್ಯುತ್ತನ್ನು ಮಾರುವ ಸನ್ನದುದಾರನಿಗೆ ಕೊಡುವ ಸನ್ನದಿನಲ್ಲಿಯೇ ಬೆಲೆಯ ಮಿತಿಯನ್ನು ವಿಧಿಸುವ ಅಧಿಕಾರವನ್ನು ಪ್ರಾಂತ ಸರಕಾರಗಳಿಗೆ ಕೊಟ್ಟಿದ್ದಿತು. ಒಂದೇ ಊರಿನ ಬೀದಿಗಳಲ್ಲಿ ಇಬ್ಬರು ಬೇರೆಬೇರೆ ಕಂಬಗಳನ್ನು ನೆಟ್ಟು ಸ್ಪರ್ಧಿಸಲಾಗದೆಂಬುದೂ, ಸ್ಪರ್ಧೆಯಿಲ್ಲದ ಕಡೆ ಮಾರುವವನ ಇಚ್ಛೆಯೇ ಬೆಲೆಯಾಗುವುದೆಂಬುದೂ ಆ ಕಾಯಿದೆಯನ್ನು ಬರೆದವರಿಗೆ ತಿಳಿದಿದ್ದಿರಬೇಕು. ಆದರೆ ಮಿತಿಯು ಪ್ರಯೋಜನಕ್ಕೆ ಬರಬೇಕಾದರೆ ಮೊದಲು ಕಂಬವು ಬರಬೇಕಷ್ಟೆ. ಲಾಭವನ್ನೆಣಿಸುವ ಸನ್ನದುದಾರನು ಮನೆಗಳು ಒತ್ತೊತ್ತಾಗಿರುವ ನಗರವನ್ನು ಹುಡುಕುವನೇ ಹೊರತು, ಬೈಲಹೊಂಗಲವಿದ್ದ ಸಂಪಗಾಂವಿ ತಾಲೂಕಿನ ಹಳ್ಳಿಗಳನ್ನಾಗಲಿ, ಸವದತ್ತಿಯು ಮುಖ್ಯಸ್ಥಳವಾಗಿದ್ದ ಪರಸಗಡ ತಾಲೂಕನ್ನಾಗಲಿ ಹುಡುಕುವವನಲ್ಲ. ಮೇಲಾಗಿ ಈ ಪ್ರದೇಶವು ಒಂದೇ ಆಡಳಿತದಲ್ಲಿಯೂ ಇರಲಿಲ್ಲ: ಕಿತ್ತೂರು, ಬೈಲಹೊಂಗಲ, ಸವದತ್ತಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ ರಾಮದುರ್ಗವು 1948ರವರೆಗೆ ತನ್ನದೇ ಸಂಸ್ಥಾನಿಕನನ್ನು ಹೊಂದಿದ್ದಿತು. ಅದೇ ಹೊತ್ತಿಗೆ, 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದ ಮೈಸೂರು ಸಂಸ್ಥಾನದಲ್ಲಿ ಬೆಳಕು ಹಳ್ಳಿಗಳಿಗೂ ಹಬ್ಬತೊಡಗಿದ್ದಿತು. ಒಂದೇ ಭಾಷೆಯನ್ನಾಡುವ ಎರಡು ಮನೆಗಳಲ್ಲಿ ಒಂದರೊಳಗೆ ಗುಂಡಿ ಒತ್ತಿದರೆ ಬೆಳಕು, ಇನ್ನೊಂದರೊಳಗೆ ಕಂದೀಲಿನ ಮಸಿ. ಏಕೀಕರಣವನ್ನು ಬಯಸಿದವರ ಮನಸ್ಸಿನಲ್ಲಿ ಭಾಷಾಭಿಮಾನದ ಜೊತೆಗೆ ಈ ಹೋಲಿಕೆಯೂ ಇದ್ದಿರಲಾರದೆಂದು ಹೇಳಲು ನನಗೆ ಧೈರ್ಯವಿಲ್ಲ.

1948ರ ವಿದ್ಯುತ್ ಸರಬರಾಜು ಕಾಯಿದೆಯ 49ನೆಯ ಕಲಮನ್ನು ನಮ್ಮ ಹಳ್ಳಿಗಳ ಇತಿಹಾಸವನ್ನು ಬರೆಯುವವರು ಯಾರೂ ಎತ್ತಿ ಹೇಳುವುದಿಲ್ಲ. ನನಗಾದರೋ ಅದು ಬಹು ಮುಖ್ಯವಾದ ದಾಖಲೆಯಾಗಿ ತೋರುತ್ತದೆ. ರಾಜ್ಯದ ವಿದ್ಯುನ್ಮಂಡಲಿಯು ಏಕರೂಪದ ದರಗಳನ್ನು ಗೊತ್ತುಮಾಡುವಾಗ ಲಕ್ಷ್ಯದಲ್ಲಿಡಬೇಕಾದ ಸಂಗತಿಗಳಲ್ಲಿ, ಅಭಿವೃದ್ಧಿ ವಿರಳವಾಗಿರುವ ಪ್ರದೇಶಗಳಿಗೆ ವಿದ್ಯುತ್ತನ್ನು ವಿಸ್ತರಿಸುವುದೂ ಅಲ್ಲಿ ಅದನ್ನು ಅಗ್ಗಗೊಳಿಸುವುದೂ ಒಂದೆಂದು ಆ ಕಲಮು ಸ್ಪಷ್ಟವಾಗಿ ನುಡಿಯಿತು. ಸ್ಥಳದ ಭೌಗೋಳಿಕ ಸ್ಥಿತಿಯನ್ನು ನೋಡಿ ದರವನ್ನು ಬೇರೆ ಮಾಡಲು ಅವಕಾಶವಿದ್ದಿತಾದರೂ, ಅದು ಅಪವಾದ, ನಿಯಮವೆಂದರೆ ಸಮಾನತೆ. ಬಂಡಿಯ ಬಾಡಿಗೆಯನ್ನು ಡಬ್ಬಿಯ ಬೆಲೆಗೆ ಸೇರಿಸಿ ಹಳ್ಳಿಗನಿಂದ ವಸೂಲು ಮಾಡುವ ಹಳೆಯ ನ್ಯಾಯಕ್ಕೆ ಇದು ನೇರ ಪ್ರತಿಯಾದ ನ್ಯಾಯ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು; ಮರುವರ್ಷ ಅಕ್ಟೋಬರ್ 1ರಂದು ರಾಜ್ಯದ ವಿದ್ಯುನ್ಮಂಡಲಿಯು ಸ್ಥಾಪಿತವಾಯಿತು; 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶರಾವತಿ ಯೋಜನೆಯನ್ನು ನಾಡಿಗೆ ಅರ್ಪಿಸಿದರು. ಮಲೆನಾಡಿನ ಕಣಿವೆಯಲ್ಲಿ ಬಿದ್ದ ನೀರು ಬಯಲುಸೀಮೆಯ ಕಂಬವನ್ನು ತಲಪುವಾಗ ದಾರಿಯಲ್ಲಿ ನಷ್ಟವಾಗುವ ವಿದ್ಯುತ್ತೆಷ್ಟು, ತಂತಿಗೆ ತಗಲಿದ ವೆಚ್ಚವೆಷ್ಟೆಂಬುದನ್ನು ರಾಮದುರ್ಗ ತಾಲೂಕಿನ ಸುರೇಬಾನದ ನೇಕಾರನ ಮನೆಯ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಯಲಿಲ್ಲ. ಆ ಭಾರವನ್ನು ಇಡೀ ರಾಜ್ಯವು ಹಂಚಿಕೊಂಡಿತು.

ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ಪ್ರಯೋಗವೂ ನಡೆಯಿತೆಂಬುದನ್ನು ಮರೆಯಬಾರದು. 1969ರಲ್ಲಿ ಹುಕ್ಕೇರಿಯಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಲ್ಲಿ ಗ್ರಾಹಕನೇ ಸದಸ್ಯನಾಗಿ ಕಂಬ ತಂತಿಗಳ ಒಡೆತನದಲ್ಲಿ ಪಾಲುಗಾರನಾದನು. ನಮ್ಮ ನಾಲ್ಕು ಊರುಗಳು ಆ ದಾರಿಯನ್ನು ಹಿಡಿಯದೆ ಮಂಡಲಿಯ ಆಶ್ರಯದಲ್ಲಿಯೇ ಉಳಿದುವು.

1979-80ರಲ್ಲಿ ಬಂದ ಭಾಗ್ಯಜ್ಯೋತಿಯು ಬಡವರ ಮನೆಗೆ ಒಂದು ದೀಪವನ್ನು ತಂದಿತು. ಆ ಯೋಜನೆಯೊಡನೆ ಬಹುಕಾಲ ಹೊಂದಿಕೊಂಡು ಬಂದ ತಿಂಗಳಿಗೆ 18 ಯೂನಿಟ್ ಎಂಬ ಅಂಕೆಯ ಹಿಂದೆ ಒಂದು ಮನೆಯ ಚಿತ್ರವೇ ಅಡಗಿದೆ: 40 ವ್ಯಾಟಿನ ಒಂದೇ ಬಲ್ಬು, ದಿನಕ್ಕೆ 15 ಗಂಟೆ, 30 ದಿನ; ಗುಣಿಸಿ ನೋಡಿದರೆ ಸರಿಯಾಗಿ 18 ಯೂನಿಟ್. ಆ ಮನೆಯಲ್ಲಿ ಪಂಖವಿಲ್ಲ, ಮಿಕ್ಸರಿಲ್ಲ, ಇಸ್ತ್ರಿಪೆಟ್ಟಿಗೆಯಿಲ್ಲ. ಅಡಿಗೆಮನೆಗೂ ಪಡಸಾಲೆಗೂ ನಡುವಣ ಗೋಡೆಯ ಕಿಂಡಿಯಲ್ಲಿ ತೂಗುವ ಒಂದು ಬಲ್ಬು ಎರಡೂ ಕಡೆಗೆ ಬೆಳಕು ಚೆಲ್ಲಬೇಕು. ಬಡತನವನ್ನು ಅಂಕೆಗಿಳಿಸಿದಾಗ ಅದು ಎಷ್ಟು ಮೌನವಾಗಿ ಕಾಣುವುದೆಂಬುದಕ್ಕೆ ಆ 18 ಎಂಬುದಕ್ಕಿಂತ ಬೇರೆ ನಿದರ್ಶನವನ್ನು ನಾನು ಕಂಡಿಲ್ಲ.

ದರವೆಂಬುದು ಮೇಲಿನಿಂದ ಇಳಿದು ಬಂದು ಕೆಳಗಿರುವವರು ಸುಮ್ಮನೆ ಹೊರಬೇಕಾದ ಭಾರವಲ್ಲವೆಂಬ ಅರಿವು ಈ ಸೀಮೆಗೆ ಬಂದುದು ದೀಪದ ಮೂಲಕವಲ್ಲ, ನೀರಿನ ಮೂಲಕ. ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ನೀರಿಗಾಗಿ ವಿಧಿಸಿದ ನೀರಿನ ಕರ ಮತ್ತು ಅಭಿವೃದ್ಧಿ ಕರಗಳ ವಿರುದ್ಧ ಎದ್ದ ರೈತರ ಚಳವಳಿಯು 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಿನಲ್ಲಿ ಕೊನೆಗೊಂಡು, ಆ ರಕ್ತದಿಂದ ರಾಜ್ಯದ ರೈತ ಸಂಘವು ಬಲಗೊಂಡಿತು. ಪಂಪಸೆಟ್ಟಿನ ವಿದ್ಯುತ್ತಿನ ಬಾಕಿಯೂ ಆ ಹೋರಾಟದ ಮಾತುಗಳಲ್ಲಿ ಸೇರಿಕೊಂಡಿತು. 2008ರಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಯಿತು. ಉಚಿತವೆಂದರೆ ಯಾರೂ ಕೊಡುವುದಿಲ್ಲವೆಂದಲ್ಲ; ಒಂದು ಪಾಲನ್ನು ಬೊಕ್ಕಸವೂ ಒಂದು ಪಾಲನ್ನು ಹೆಚ್ಚು ದರ ತೆರುವ ಕಾರಖಾನೆ ಅಂಗಡಿಗಳೂ ಹೊರುವುವು.

1999ರ ಸುಧಾರಣಾ ಕಾಯಿದೆಯಿಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಹುಟ್ಟಿತು. ದರ ನಿರ್ಣಯದ ಅಧಿಕಾರವು ಅದಕ್ಕೆ ಸೇರಿತು. 2002ರ ಜೂನ್ 1ರಂದು ವಿತರಣೆಯು ಪ್ರಾಂತೀಯ ಕಂಪನಿಗಳಿಗೆ ಹಂಚಿಹೋಗಿ, ಬೆಳಗಾವಿಯೂ ಸೇರಿದಂತೆ ಏಳು ಜಿಲ್ಲೆಗಳು ಹುಬ್ಬಳ್ಳಿಯ ಕಂಪನಿಗೆ, ಜನರ ಬಾಯಲ್ಲಿ ಹೆಸ್ಕಾಮಿಗೆ, ಒಳಪಟ್ಟುವು. ಕಂಪನಿಯು ಬರುವ ವರ್ಷಕ್ಕೆ ತನಗೆ ಬೇಕಾದ ವರಮಾನವೆಷ್ಟೆಂದು ಲೆಕ್ಕ ಬರೆದು ಅರ್ಜಿಯನ್ನಿಡುವುದು. ಆಯೋಗವು ಕಂಪನಿಯಿಂದಲೇ ಅದನ್ನು ಪ್ರಕಟಮಾಡಿಸಿ, ಆಕ್ಷೇಪಗಳನ್ನು ಕರೆದು, ಬಹಿರಂಗ ವಿಚಾರಣೆ ನಡೆಸಿ, 120 ದಿನಗಳೊಳಗೆ ಆಜ್ಞೆ ಹೊರಡಿಸುವುದು. ಹಸಿರು ಶಾಲಿನ ರೈತನೂ ಕೈಗಾರಿಕೆಯ ಯಜಮಾನನೂ ಒಂದೇ ಮೈಕಿನ ಮುಂದೆ ನಿಂತು ಮಾತನಾಡಬಹುದಾದ ಆ ವಿಚಾರಣೆಯನ್ನು ನಾನು ಗೌರವದಿಂದ ನೋಡುತ್ತೇನೆ. ಚಿಮಣಿ ಎಣ್ಣೆಯ ಡಬ್ಬಿಗೆ ಇಂಥದೊಂದು ಕಟ್ಟೆ ಎಂದೂ ಇರಲಿಲ್ಲ.

ಬ್ರಿಟನ್ನಿನಲ್ಲಿ 2019ರ ಜನವರಿಯಿಂದ ಮನೆಗಳ ವಿದ್ಯುತ್ತು ಮತ್ತು ಅನಿಲಕ್ಕೆ ಗರಿಷ್ಠ ದರದ ಮಿತಿಯನ್ನು ಹಾಕಿದಾಗ ಆ ಮಿತಿಯನ್ನು 14 ಪ್ರಾಂತಗಳಿಗೆ ಬೇರೆಬೇರೆಯಾಗಿಯೇ ಗೊತ್ತುಮಾಡಿದರು. ತಂತಿಯ ವೆಚ್ಚ ಎಲ್ಲಿ ಹೆಚ್ಚೋ ಅಲ್ಲಿ ಮನೆಯ ಬಿಲ್ಲೂ ಹೆಚ್ಚು. ನಮ್ಮಲ್ಲಿ ಕಂಪನಿಗಳು ಬೇರೆಯಾದರೂ, ಅವುಗಳ ವೆಚ್ಚವೂ ಗ್ರಾಹಕರ ಸ್ಥಿತಿಯೂ ಬೇರೆಯಾದರೂ, ಬೈಲಹೊಂಗಲದ ಮನೆಗೂ ಬೆಂಗಳೂರಿನ ಮನೆಗೂ ದರ ಒಂದೇ. 2025-26ರಲ್ಲಿ ಮನೆಯ ಯೂನಿಟ್ಟಿಗೆ 5 ರೂಪಾಯಿ 80 ಪೈಸೆಯಿದ್ದಿತು. ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ನೌಕರರ ಪಿಂಚಣಿಗೆಂದು ಯೂನಿಟ್ಟಿಗೆ 36 ಪೈಸೆ. ಇಂಧನದ ಬೆಲೆ ಏರಿದಂತೆ ಸೇರುವ ಹೊಂದಾಣಿಕೆ. ಇವುಗಳ ಬೆನ್ನಿಗೆ ಶೇಕಡಾ 9ರ ವಿದ್ಯುತ್ ತೆರಿಗೆ. ಒಂದು ಕಿಲೋವ್ಯಾಟಿನ ಮನೆಯವರು 70 ಯೂನಿಟ್ ಉರಿಸಿದರೆ ವಿದ್ಯುತ್ತಿನದೇ 406 ರೂಪಾಯಿ ಆಗುತ್ತಿದ್ದಿತು. ಉಳಿದುವು ಕೂಡಿದಾಗ ಮೊತ್ತ 600ನ್ನು ದಾಟುತ್ತಿದ್ದಿತು. ಬಳಕೆ ಹೆಚ್ಚಿದಂತೆ ದರವೇರುತ್ತಿದ್ದ ಮೆಟ್ಟಿಲುಗಳು 2024ರ ಏಪ್ರಿಲ್‌ನಲ್ಲಿ ಮಾಯವಾದುವು. ಅದರ ಹಿಂದಿನ ವರ್ಷದ ಆಜ್ಞೆಯಲ್ಲಿ 100 ಯೂನಿಟ್ಟಿನವರೆಗೆ 4 ರೂಪಾಯಿ 75 ಪೈಸೆಯಿದ್ದುದು, 100ನ್ನು ಮೀರಿದೊಡನೆ ಎಲ್ಲ ಯೂನಿಟ್ಟುಗಳಿಗೂ 7 ರೂಪಾಯಿಯಾಗುತ್ತಿದ್ದಿತು. ಸ್ವಲ್ಪವೇ ಉರಿಸುವ ಮನೆಗೆ ಹಳೆಯ ಮೆಟ್ಟಿಲುಗಳಲ್ಲಿ ಒಂದು ದಾಕ್ಷಿಣ್ಯವಿದ್ದಿತೆಂದೇ ನನ್ನ ಅಭಿಪ್ರಾಯ.

ರಾಮದುರ್ಗದ ಕಡೆಯ ನೇಕಾರಿಕೆಯಲ್ಲಿ ಮಾತ್ರ ಮನೆಗೊಂದು ದರ, ಕಾರಖಾನೆಗೊಂದು ದರವೆಂಬ ವಿಂಗಡಣೆಯೇ ತಡವರಿಸುತ್ತದೆ. ಮಗ್ಗವಿರುವುದು ಪಡಸಾಲೆಯಲ್ಲಿ, ಅದರ ಪಕ್ಕದಲ್ಲಿಯೇ ತೊಟ್ಟಿಲು, ಆಚೆ ಒಲೆ. ಕಂಡಿಕೆ ಸುತ್ತುವವಳೇ ರೊಟ್ಟಿ ಬಡಿಯುವವಳು. ಅದು ಮನೆಯೋ ಕಾರಖಾನೆಯೋ? ದರಪಟ್ಟಿಗೆ ಎರಡೂ ಆಗಿರುವುದು ಗೊತ್ತಿಲ್ಲ. ವಿದ್ಯುತ್ ಮಗ್ಗಗಳಿಗೆ ಯೂನಿಟ್ಟಿಗೆ ಒಂದೂಕಾಲು ರೂಪಾಯಿಯ ರಿಯಾಯಿತಿ ದರ ಬಂದುದೂ, 2023ರಲ್ಲಿ 10 ಅಶ್ವಶಕ್ತಿಯವರೆಗಿನ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್ ಉಚಿತವಾದುದೂ ಈ ತೊಡಕಿಗೆ ಸರಕಾರ ಹುಡುಕಿದ ಉತ್ತರಗಳು.

ಅದೇ 2023ರ ಜುಲೈಯಿಂದ ಗೃಹಜ್ಯೋತಿಯು ಜಾರಿಗೆ ಬಂದಿತು. 200 ಯೂನಿಟ್ ಉಚಿತವೆಂದು ಜನ ಆಡಿಕೊಂಡರೂ ಅದರ ಲೆಕ್ಕ ಬೇರೆ: 2022-23ರಲ್ಲಿ ತಿಂಗಳಿಗೆ ಸರಾಸರಿ 60 ಯೂನಿಟ್ ಉರಿಸಿದ ಮನೆಗೆ ಅದರ ಮೇಲೆ ಹತ್ತರಲ್ಲೊಂದು ಪಾಲು ಸೇರಿಸಿ 66 ಯೂನಿಟ್ ಉಚಿತ, 80 ಉರಿಸಿದರೆ ಹೆಚ್ಚಿನ 14ಕ್ಕೆ ಹಣ, 200ನ್ನು ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಪೂರ್ತಿ ಬಿಲ್ಲು. ಹೀಗಾಗಿ ಹಿಂದೆ ಮಿತವಾಗಿ ಉರಿಸಿದವರಿಗೆ ಇಂದು ಮಿತವೇ ಹಕ್ಕಾಯಿತು. ಬೇಸಗೆಯಲ್ಲಿ ಪಂಖ ತಿರುಗಿಸಲು ಹಿಂಜರಿದ ಮನೆಯ ಆ ಹಿಂಜರಿಕೆಯೇ ಅದರ ಪಾಲಿನ ಅಳತೆಗೋಲಾಯಿತೆಂಬುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

ಈಗ ಸವದತ್ತಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಭಾರತ ಹುಣ್ಣಿಮೆಯ ರಾತ್ರಿ ಚಕ್ಕಡಿಗಳು ಸಾಲುಗಟ್ಟಿದಾಗ ಅವುಗಳ ಅಡಿಯಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಕಂದೀಲು ತೂಗುವುದುಂಟು. ಮೇಲೆ ಯಂತ್ರದ ರೆಕ್ಕೆಗಳು ತಿರುಗುತ್ತಲೇ ಇರುತ್ತವೆ. ಕಳೆದ ಹಬ್ಬಕ್ಕೆ ಊರಿಗೆ ಹೋದಾಗ, ಮೀಟರು ಓದುವವನು ಕೊಟ್ಟುಹೋದ ಉದ್ದನೆಯ ಚೀಟಿಯನ್ನು ನನ್ನ ಅತ್ತಿಗೆ ಓದಲು ನನ್ನ ಕೈಗಿತ್ತಳು. ಕೊನೆಯ ಸಾಲಿನಲ್ಲಿ ಸೊನ್ನೆಯಿದ್ದಿತು. “ಈ ತಿಂಗಳಾ ಎಷ್ಟ ಸುಟ್ಟೇವಿ, ಅದನ್ನ ಹೇಳ ಮೊದ್ಲ” ಎಂದಳು. ಅರವತ್ತಮೂರು ಎಂದೆ. ಅವಳು ಎದ್ದು ಹೋಗಿ, ಯಾರೂ ಇಲ್ಲದ ಪಡಸಾಲೆಯ ದೀಪವನ್ನು ಆರಿಸಿ ಬಂದಳು.