ಹೋಮ್ಸ್ ಕಾಣೆಯಾದ ಮೂರು ವರ್ಷ

ಪತ್ತೇದಾರಿ ಕಥೆ ಓದುವ ಮಕ್ಕಳಿಗೆಲ್ಲ ಷರ್ಲಾಕ್ ಹೋಮ್ಸ್ ಗೊತ್ತು. ಆದರೆ ಅವನ ಬದುಕಿನಲ್ಲಿ ಲೆಕ್ಕಕ್ಕೆ ಸಿಗದ ಮೂರು ವರ್ಷಗಳಿದ್ದವು. ಸುಮಾರು ನೂರು ವರ್ಷಗಳ ಬಳಿಕ ಟಿಬೆಟನ್ ಲೇಖಕರೊಬ್ಬರು ಆ ಖಾಲಿ ಜಾಗದಲ್ಲಿ ತಮ್ಮ ನಾಡನ್ನೇ ಬರೆದಿಟ್ಟರು. ಇದು ಕಥೆಯ ಕಥೆಯಾದರೂ ಚರಿತ್ರೆಯ ಪಾಠವೂ ಹೌದೆಂದು ನಮಗೆ ಅನಿಸುತ್ತದೆ.

ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಹೋಮ್ಸ್‌ನನ್ನು ಓದುಗರ ಮುಂದೆ ತಂದರು. ಆರು ವರ್ಷಗಳಲ್ಲೇ ಅವರಿಗೆ ಅವನು ಸಾಕಾಗಿ ಹೋದ. 1893ರ ಡಿಸೆಂಬರಿನಲ್ಲಿ ಬಂದ ಕಥೆಯಲ್ಲಿ, ಸ್ವಿಟ್ಜರ್‌ಲೆಂಡಿನ ರೈಖನ್‌ಬಾಖ್ ಜಲಪಾತಕ್ಕೆ ಬಿದ್ದು ಹೋಮ್ಸ್ ಸತ್ತನೆಂದು ಓದುಗರು ನಂಬಿದರು. ಕಥೆಯೊಳಗೆ ಅದು 1891ನೇ ಇಸವಿ. ಓದುಗರು ಮಾತ್ರ ಅವನನ್ನು ಬಿಡಲಿಲ್ಲ. 1903ರಲ್ಲಿ ಡಾಯ್ಲ್ ಅವನನ್ನು ಮರಳಿ ಕರೆತಂದರು. ಹಾಗಾದರೆ 1891ರಿಂದ 1894ರವರೆಗೆ ಎಲ್ಲಿದ್ದ? ಸಿಗರ್ಸನ್ ಎಂಬ ನಾರ್ವೆಯವನ ಹೆಸರಿನಲ್ಲಿ ಎರಡು ವರ್ಷ ಟಿಬೆಟ್ ಸುತ್ತಿದೆ, ಲ್ಹಾಸಾಕ್ಕೂ ಹೋಗಿದ್ದೆ ಎಂದು ಹೋಮ್ಸ್ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಡಾಯ್ಲ್ ಅದನ್ನು ಮುಂದೆ ಬೆಳೆಸಲಿಲ್ಲ.

ಆ ಕಾಲದಲ್ಲಿ ಲ್ಹಾಸಾ ಯುರೋಪಿಯನ್ನರಿಗೆ ಮುಚ್ಚಿದ ಊರು. ಬ್ರಿಟಿಷರಿಗೆ ಅಲ್ಲಿಯ ನಕ್ಷೆ ಬೇಕಾಗಿತ್ತು. ಅದಕ್ಕಾಗಿ ಅವರು ಭಾರತೀಯರನ್ನು ವೇಷ ಮರೆಸಿ ಕಳಿಸಿದರು. ಕುಮಾವೂಂ ಬೆಟ್ಟದ ಶಾಲಾಮಾಸ್ತರ ನೈನ್ ಸಿಂಗ್ ರಾವತ್ 1866ರಲ್ಲಿ ಲ್ಹಾಸಾ ತಲುಪಿದರು. ಜಪಮಾಲೆಯಲ್ಲಿ 108 ಮಣಿಗಳಿರಬೇಕಷ್ಟೆ? ಅವರ ಮಾಲೆಯಲ್ಲಿ ಇದ್ದದ್ದು ನೂರೇ. ನೂರು ಹೆಜ್ಜೆಗೊಂದು ಮಣಿ ಸರಿಸುತ್ತ, ಬರೆದುಕೊಂಡದ್ದನ್ನು ಪ್ರಾರ್ಥನಾ ಚಕ್ರದೊಳಗೆ ಅಡಗಿಸುತ್ತ ಅವರು ದಾರಿ ಅಳೆದರು. ಬಂಗಾಳದ ಶರತ್‌ಚಂದ್ರ ದಾಸ್ ಎಂಬ ವಿದ್ವಾಂಸರು 1882ರಲ್ಲಿ ಲ್ಹಾಸಾ ಕಂಡರು. ಆ ಭೇಟಿಯ ಗುಟ್ಟು ಬಯಲಾದಾಗ, ಅವರಿಗೆ ನೆರವಾಗಿದ್ದ ಲಾಮಾ ಒಬ್ಬರು ಪ್ರಾಣವನ್ನೇ ತೆರಬೇಕಾಯಿತು. ನಕ್ಷೆಯ ಒಂದೊಂದು ಗೆರೆಗೂ ಹೀಗೆ ಯಾರೋ ಬೆಲೆ ಕೊಟ್ಟಿದ್ದಾರೆ. ಹೋಮ್ಸ್ ಮರಳಿ ಬಂದ 1903ರಲ್ಲೇ ಯಂಗ್‌ಹಸ್ಬೆಂಡ್ ನೇತೃತ್ವದ ಬ್ರಿಟಿಷ್ ಪಡೆ ಟಿಬೆಟಿನತ್ತ ಹೊರಟಿತು. ಮರುವರ್ಷ ಅದು ಲ್ಹಾಸಾ ಹೊಕ್ಕಿತು.

ಕಿಪ್ಲಿಂಗ್ 1901ರಲ್ಲಿ ಪ್ರಕಟಿಸಿದ 'ಕಿಮ್' ಕಾದಂಬರಿಯಲ್ಲಿ ಹರಿ ಚಂದರ್ ಮುಖರ್ಜಿ ಎಂಬ ಬಂಗಾಳಿ ಬಾಬು ಬರುತ್ತಾನೆ. ಬ್ರಿಟಿಷರ ಗುಪ್ತಚರ. ಈ ಪಾತ್ರಕ್ಕೆ ಶರತ್‌ಚಂದ್ರ ದಾಸರೇ ಮಾದರಿ ಎನ್ನುತ್ತಾರೆ. ಅವನ ಧೈರ್ಯವನ್ನು ಕಿಪ್ಲಿಂಗ್ ಮೆಚ್ಚುತ್ತಾರೆ, ಆದರೆ ಅವನ ಮಾತನ್ನೂ ಮೈಯನ್ನೂ ನಗೆಗೆ ಗುರಿಮಾಡುತ್ತಾರೆ.

1999ರಲ್ಲಿ ಜಮ್ಯಾಂಗ್ ನೋರ್ಬು 'ದಿ ಮಂಡಲ ಆಫ್ ಷರ್ಲಾಕ್ ಹೋಮ್ಸ್' ಬರೆದಾಗ ಈ ಎರಡು ಎಳೆಗಳನ್ನು ಸೇರಿಸಿ ಹೆಣೆದರು. ಇಲ್ಲಿ ವಾಟ್ಸನ್ ಇಲ್ಲ, ಕಥೆ ಹೇಳುವವನು ಹರಿಬಾಬು. ಇಬ್ಬರೂ ಲ್ಹಾಸಾಕ್ಕೆ ಹೋಗುತ್ತಾರೆ. ಅಲ್ಲಿ ಇನ್ನೂ ಅಧಿಕಾರ ವಹಿಸಿಕೊಳ್ಳದ ಹುಡುಗ 13ನೇ ದಲೈ ಲಾಮಾರ ಜೀವಕ್ಕೆ ಸಂಚು ನಡೆದಿರುತ್ತದೆ. ಮುಂದೇನಾಯಿತೆಂದು ನಾವು ಹೇಳುವುದಿಲ್ಲ, ಓದಿಯೇ ತಿಳಿಯಬೇಕು! ಈ ಕಾದಂಬರಿಗೆ ಭಾರತದ ಕ್ರಾಸ್‌ವರ್ಡ್ ಪ್ರಶಸ್ತಿ ಬಂತು.

ಸಂಚು, ಕೊಲೆಯತ್ನ ಎಲ್ಲ ಕಲ್ಪನೆ ಇರಬಹುದು. ಆದರೆ ಆ ದಲೈ ಲಾಮಾ ಚರಿತ್ರೆಯ ವ್ಯಕ್ತಿ. 1876ರಲ್ಲಿ ಹುಟ್ಟಿದ ಅವರು 1895ರಲ್ಲಿ ಆಡಳಿತ ವಹಿಸಿಕೊಂಡರು. ನೋರ್ಬು ಇದನ್ನು ಬರೆಯುವ ಹೊತ್ತಿಗೆ ಆ ಟಿಬೆಟ್ ಉಳಿದಿರಲಿಲ್ಲ. 1950ರಲ್ಲಿ ಚೀನಾದ ಸೈನ್ಯ ನುಗ್ಗಿತು. 1959ರಲ್ಲಿ 14ನೇ ದಲೈ ಲಾಮಾ ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಜನ ಬಂದರು. ಅಂದಿನ ಮೈಸೂರು ರಾಜ್ಯ ಅವರಿಗೆ ಬೈಲಕುಪ್ಪೆಯಲ್ಲಿ, ಮುಂದೆ ಮುಂಡಗೋಡಿನಲ್ಲಿ ನೆಲ ಕೊಟ್ಟಿತು. ಇವತ್ತಿಗೂ ಅಲ್ಲಿ ಟಿಬೆಟನ್ ಮಕ್ಕಳು ತಮ್ಮ ಭಾಷೆ ಕಲಿಯುತ್ತಿದ್ದಾರೆ.

ಟಿಬೆಟಿನ ಚರಿತ್ರೆ ಎಂದು ಪುಸ್ತಕ ಬರೆದಿದ್ದರೆ ಎಷ್ಟು ಜನ ಓದುತ್ತಿದ್ದರು? ಜಗತ್ತೆಲ್ಲ ಬಲ್ಲ ಪತ್ತೇದಾರನನ್ನು ನೋರ್ಬು ತಮ್ಮೂರಿಗೆ ಕರೆದೊಯ್ದರು. ಅವನ ಹಿಂದೆ ಓದುಗರೂ ಹೋದರು. ಲ್ಹಾಸಾದ ಬೀದಿ, ಅರಮನೆ, ಮಠಗಳನ್ನು ಕಂಡರು. ಕಳೆದುಹೋದ ನಾಡನ್ನು ನೆನಪಿನಲ್ಲಿ ಉಳಿಸಿಕೊಳ್ಳಲು ಅವರು ಹಿಡಿದ ದಾರಿ ಇದು.

ಗಡಿಯಾಚೆ ಕನ್ನಡ ಕಲಿಸುವ ನಮಗೆ ಇದು ಹತ್ತಿರದ ಮಾತು. ನಮ್ಮವರು ಯಾರೂ ನೆಲ ಬಿಟ್ಟು ಬಂದವರಲ್ಲ, ಇಲ್ಲಿಯವರೇ. ಟಿಬೆಟನ್ನರ ಕಷ್ಟಕ್ಕೆ ನಮ್ಮದನ್ನು ಹೋಲಿಸುವುದು ಸಲ್ಲದು. ಆದರೂ ನಮ್ಮ ಊರು, ನಮ್ಮ ಹಿರಿಯರು ಪಾಠಪುಸ್ತಕದಲ್ಲಿ ಸಿಗುವುದು ಅಪರೂಪವೇ. ಸಹೋದ್ಯೋಗಿಗಳಲ್ಲಿ ನಮ್ಮದೊಂದು ವಿನಂತಿ. ಮಕ್ಕಳಿಗೆ ಅವರು ಮೆಚ್ಚಿದ ಪತ್ತೇದಾರನನ್ನೇ ಕೊಡಿ, ಅವನನ್ನು ನಮ್ಮೂರಿಗೆ ಕರೆತರಲು ಹೇಳಿ. ಅವನು ಯಾವ ಬಸ್ಸಿನಲ್ಲಿ ಬಂದ, ಯಾರ ಮನೆಯಲ್ಲಿ ಉಂಡ, ಹಳೆಯ ಕಲ್ಲಿನ ಮೇಲಿನ ಅಕ್ಷರವನ್ನು ಯಾರಿಂದ ಓದಿಸಿದ? ಇದನ್ನು ಬರೆಯಬೇಕಾದರೆ ಮಕ್ಕಳು ಮನೆಯ ಅಜ್ಜ ಅಜ್ಜಿಯನ್ನು ಕೇಳಲೇಬೇಕು. ಚರಿತ್ರೆಯ ಪಾಠ ಅಲ್ಲಿಂದಲೇ ಶುರುವಾಗುತ್ತದೆ.