ವಿಂಡೋಸ್ 11: ಮೊದಲು ಅಪ್‌ಗ್ರೇಡ್ ಆದವರು ಕಂಡಿದ್ದೇನು?

ಮೈಕ್ರೋಸಾಫ್ಟ್ 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಿಡುಗಡೆ ಮಾಡಿತು. ವಿಂಡೋಸ್ 10 ಬಳಕೆದಾರರಿಗೆ ಉಚಿತ ಎಂದಿತ್ತು. ಆದರೆ ಆಸೆಯಿಂದ ಕಾದಿದ್ದ ಅನೇಕರಿಗೆ ಮೊದಲು ಎದುರಾಗಿದ್ದು ತಮ್ಮ ಪಿಸಿ ಇದಕ್ಕೆ ಅರ್ಹವಲ್ಲ ಎಂಬ ಸಂದೇಶ.

4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಇದ್ದರೆ ಸಾಕಿತ್ತು. ತೊಡಕಾಗಿದ್ದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಪ್ರೊಸೆಸರ್ ಪಟ್ಟಿ. ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳಲ್ಲಿ ಬಹುತೇಕ ಎಲ್ಲವೂ ಹೊರಗುಳಿದವು. ನಾಲ್ಕೈದು ವರ್ಷವಷ್ಟೇ ಹಳೆಯದಾದ, ಚೆನ್ನಾಗಿಯೇ ಓಡುತ್ತಿದ್ದ ಲ್ಯಾಪ್‌ಟಾಪ್‌ಗೂ ಪ್ರವೇಶವಿಲ್ಲ ಎಂದರೆ ಸಿಟ್ಟು ಬರದಿರುತ್ತದೆಯೇ? ಕೆಲವರ ಪಿಸಿಯಲ್ಲಿ ಟಿಪಿಎಂ ಇದ್ದರೂ ಆಫ್ ಆಗಿತ್ತು. ಬಯೋಸ್‌ಗೆ ಹೋಗಿ ಆನ್ ಮಾಡಿದ ಮೇಲಷ್ಟೇ ದಾರಿ ತೆರೆಯಿತು.

ಅಪ್‌ಗ್ರೇಡ್ ಆದವರಲ್ಲಿ ಹಲವರು ಹೊಸ ವಿನ್ಯಾಸ ಮತ್ತು ವಿಂಡೋಗಳನ್ನು ಅಕ್ಕಪಕ್ಕ ಜೋಡಿಸುವ ಸ್ನ್ಯಾಪ್ ಲೇಔಟ್ ಮೆಚ್ಚಿದರು. ಕಿರಿಕಿರಿ ತಂದಿದ್ದು ಕೈಗೆ ರೂಢಿಯಾಗಿದ್ದ ಸಣ್ಣಪುಟ್ಟ ಸಂಗತಿಗಳು. ಟಾಸ್ಕ್‌ಬಾರ್ ಅನ್ನು ಮೇಲಕ್ಕೋ ಪಕ್ಕಕ್ಕೋ ಸರಿಸುವಂತಿರಲಿಲ್ಲ. ಫೈಲ್ ಎಳೆದು ಟಾಸ್ಕ್‌ಬಾರ್ ಐಕಾನ್ ಮೇಲೆ ತರುವ ಸೌಲಭ್ಯ ಮಾಯವಾಗಿತ್ತು. ಅದು ಮರಳಿದ್ದು 2022ರಲ್ಲಿ. ರೈಟ್ ಕ್ಲಿಕ್ ಮಾಡಿದರೆ ಹಳೆಯ ಪೂರ್ಣ ಮೆನುಗೆ ಇನ್ನೊಂದು ಕ್ಲಿಕ್ ಬೇಕಿತ್ತು.

ಎಎಂಡಿ ರೈಜನ್ ಇದ್ದವರದ್ದು ಬೇರೆಯೇ ಗೋಳು. ಕೆಲವು ಗೇಮ್‌ಗಳು ಶೇ 10ರಿಂದ 15ರಷ್ಟು ನಿಧಾನವಾಗಬಹುದು ಎಂದು ಎಎಂಡಿಯೇ ಒಪ್ಪಿಕೊಂಡಿತು. ಅದೇ ತಿಂಗಳು ಅಪ್‌ಡೇಟ್ ಬಂತು.

ಹಿಡಿಸದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್ ಮೂಲಕವೇ ವಿಂಡೋಸ್ 10ಕ್ಕೆ ಮರಳುವ ಅವಕಾಶವಿತ್ತು. ಆದರೆ ಆ ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂದು ಹೊರಗುಳಿದ ಲ್ಯಾಪ್‌ಟಾಪ್ ಇನ್ನೂ ಬಳಸುತ್ತಿರುವವರಿಗೆ ಹಳೆಯ ಪ್ರಶ್ನೆ ಮತ್ತೆ ಎದುರಾಗಿದೆ.