ಮನೆಯಂಗಳಕ್ಕೆ ಕವಳಿ ಗಿಡ: ಯಾವ ತಳಿ ಆರಿಸಿಕೊಳ್ಳಬೇಕು?

ಬೇಸಿಗೆಯಲ್ಲಿ ಮುಂಬೈ, ಪುಣೆಯ ರಸ್ತೆಬದಿಯಲ್ಲಿ ಎಲೆಯ ದೊನ್ನೆಗೆ ತುಂಬಿ ಮಾರುವ ಕಪ್ಪು ‘ಕರವಂದ’ ಕನ್ನಡಿಗರಿಗೆ ಹೊಸ ಹಣ್ಣೇನಲ್ಲ. ಧಾರವಾಡ, ಬೆಳಗಾವಿ ಕಡೆಯವರಿಗೆ ಅದು ಕವಳಿ ಹಣ್ಣು, ಕರಾವಳಿಯವರಿಗೆ ಕರಂಡೆ. ಹೈದರಾಬಾದ್‌ನಲ್ಲಿ ವಾಕ್ಕಾಯ, ಚೆನ್ನೈನಲ್ಲಿ ಕಳಾಕ್ಕಾಯ್, ದೆಹಲಿಯಲ್ಲಿ ಕರೌಂದಾ ಎಂದು ಕೇಳಿದರೆ ಸಿಗುವುದೂ ಇದೇ. ಕಡಿಮೆ ನೀರಿನಲ್ಲಿ, ಕಲ್ಲು ನೆಲದಲ್ಲೂ ಬದುಕುವ ಈ ಮುಳ್ಳಿನ ಪೊದೆ ನಗರದ ಸಣ್ಣ ಅಂಗಳಕ್ಕೂ ಹೊಂದುತ್ತದೆ. ಆದರೆ ಗಿಡ ಕೊಳ್ಳುವಾಗಲೇ ಎಡವುವವರು ಹೆಚ್ಚು.

ಮೊದಲ ಗೊಂದಲ ಹೆಸರಿನದು. ಇಂಗ್ಲಿಷ್‌ನಲ್ಲಿ ಕವಳಿಗೆ ‘ಬೆಂಗಾಲ್ ಕರಂಟ್’ ಎಂಬ ಹೆಸರಿದೆ. ಐಸ್‌ಕ್ರೀಂನಿಂದ ಪರಿಚಿತವಾದ ಬ್ಲ್ಯಾಕ್‌ಕರಂಟ್ ಬೇರೆಯದೇ ಕುಟುಂಬದ ಗಿಡ. ಅದು ಹೂಬಿಡಲು ದೀರ್ಘ ಚಳಿಗಾಲ ಬೇಕು. ಮುಂಬೈ, ಚೆನ್ನೈನ ಬಾಲ್ಕನಿಯಲ್ಲಿ ಅದರಿಂದ ಹಣ್ಣು ನಿರೀಕ್ಷಿಸುವಂತಿಲ್ಲ. ಇನ್ನೊಂದು, ದಕ್ಷಿಣ ಆಫ್ರಿಕಾ ಮೂಲದ ನೇಟಾಲ್ ಪ್ಲಮ್. ಇದು ಕವಳಿಯ ಹತ್ತಿರದ ಸಂಬಂಧಿ. ಹೂವೂ ಹಣ್ಣೂ ದೊಡ್ಡವು. ಅಲಂಕಾರಕ್ಕೆ ಚೆಂದ, ಆದರೆ ಊರಿನ ಕವಳಿಯ ರುಚಿ ಹುಡುಕುವವರಿಗೆ ಇದು ಸಲ್ಲದು.

ಉಪ್ಪಿನಕಾಯಿಗೋ, ತಿನ್ನಲೋ?

ತಳಿಯ ಆಯ್ಕೆ ನಿಲ್ಲುವುದು ಈ ಪ್ರಶ್ನೆಯ ಮೇಲೆ. ಉತ್ತರಾಖಂಡದ ಪಂತ್‌ನಗರದ ಕೃಷಿ ವಿಶ್ವವಿದ್ಯಾಲಯ ಮೂರು ತಳಿಗಳನ್ನು ಕೊಟ್ಟಿದೆ. ಪಂತ್ ಮನೋಹರ್ ಕಾಯಿ ಬಿಳಿ ಮೈಮೇಲೆ ಗಾಢ ಗುಲಾಬಿ, ಪಂತ್ ಸುದರ್ಶನ್ ಬಿಳಿ ಮೈಮೇಲೆ ತಿಳಿ ಗುಲಾಬಿ, ಪಂತ್ ಸುವರ್ಣ ಹಸಿರು ಮೈಮೇಲೆ ಕಂದು ಛಾಯೆ. ಇವು ಉಪ್ಪಿನಕಾಯಿ, ಚಟ್ನಿ, ಜೆಲ್ಲಿಗೆ ಒಳ್ಳೆಯವು. ಕವಳಿಯಲ್ಲಿ ಪೆಕ್ಟಿನ್ ಹೇರಳವಾಗಿರುವುದರಿಂದ ಜೆಲ್ಲಿ ಚೆನ್ನಾಗಿ ಹೆಪ್ಪುಗಟ್ಟುತ್ತದೆ. ಬೇಕರಿ ಕೇಕ್ ಮೇಲಿನ ಕೆಂಪು ‘ಚೆರ್ರಿ’ ಎಷ್ಟೋ ಕಡೆ ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಹಾಕಿದ ಕವಳಿಯೇ ಎಂಬುದು ಹಲವರಿಗೆ ತಿಳಿದಿರುವುದಿಲ್ಲ.

ಹಾಗೇ ಬಾಯಿಗೆ ಹಾಕಿಕೊಳ್ಳಲು ಹಣ್ಣಾದಾಗ ಕಪ್ಪಾಗುವ ತಳಿಯೇ ಬೇಕು. ಮಹಾರಾಷ್ಟ್ರದ ದಾಪೋಲಿ ಕೃಷಿ ವಿಶ್ವವಿದ್ಯಾಲಯದ ‘ಕೊಂಕಣ ಬೋಲ್ಡ್’ ದಪ್ಪ ಹಣ್ಣಿನ ತಳಿ. ಮುಂಬೈ, ಪುಣೆಯವರಿಗೆ ಮೊದಲ ಆಯ್ಕೆ ಇದಾಗಬಹುದು. ಪಶ್ಚಿಮ ಘಟ್ಟದ ಕಾಡು ಕವಳಿಯ ಹಣ್ಣು ಇದಕ್ಕಿಂತ ಸಣ್ಣದು, ಆದರೂ ರುಚಿಯಲ್ಲಿ ಅದನ್ನೇ ಮೆಚ್ಚುವವರಿದ್ದಾರೆ.

ಬೀಜದ ಗಿಡ ಬೇಡ

ಬೀಜದಿಂದ ಬೆಳೆಸಿದ ಕವಳಿ ತಾಯಿಗಿಡದಂತೆಯೇ ಬರುತ್ತದೆಂಬ ಖಾತ್ರಿಯಿಲ್ಲ. ನರ್ಸರಿಯಲ್ಲಿ ಅಗ್ಗಕ್ಕೆ ಸಿಗುವುದು ಸಾಮಾನ್ಯವಾಗಿ ಇಂಥವೇ. ಫಲ ಶುರುವಾಗುವುದು ಸುಮಾರು ಮೂರನೇ ವರ್ಷಕ್ಕೆ. ಅಷ್ಟು ಕಾದ ಮೇಲೆ ಹಣ್ಣು ತೀರಾ ಹುಳಿಯೆಂದು ಗೊತ್ತಾದರೆ ಮಾಡುವುದೇನೂ ಇರುವುದಿಲ್ಲ. ಹಾಗಾಗಿ ಗೂಟಿ ಕಟ್ಟಿದ ಅಥವಾ ಕಡ್ಡಿ ನೆಟ್ಟು ಬೇರು ಬರಿಸಿದ ಗಿಡವನ್ನೇ ಕೇಳಬೇಕು. ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಕೃಷಿ ವಿಶ್ವವಿದ್ಯಾಲಯದ ನರ್ಸರಿ ಹತ್ತಿರವಿದ್ದರೆ ಅಲ್ಲೇ ವಿಚಾರಿಸುವುದು ಕ್ಷೇಮ.

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ, ಆದ್ದರಿಂದ ಕುಂಡದ ತಳದಲ್ಲಿ ರಂಧ್ರಗಳು ಸಾಕಷ್ಟಿರಲಿ. ಟೆರೇಸಿಗೆ ಅರ್ಧ ಕತ್ತರಿಸಿದ ಡ್ರಮ್ ಸೂಕ್ತ. ದೆಹಲಿಯ ಚಳಿಯಲ್ಲಿ ಎಳೆಯ ಗಿಡಕ್ಕೆ ರಾತ್ರಿ ಹೊದಿಕೆ ಬೇಕಾಗುತ್ತದೆ. ರೆಂಬೆ ಕತ್ತರಿಸುವುದಿದ್ದರೆ ಕೊಯ್ಲು ಮುಗಿದ ಕೂಡಲೇ ಮುಗಿಸಬೇಕು. ಹೂ ಬಿಡುವುದು ರೆಂಬೆಗಳ ತುದಿಯಲ್ಲಾದ್ದರಿಂದ ತಡವಾಗಿ ಕತ್ತರಿಸಿದರೆ ಆ ವರ್ಷದ ಫಸಲೇ ಕಡಿಮೆಯಾಗುತ್ತದೆ.

ಮುಳ್ಳು ಮಾತ್ರ ಎಲ್ಲ ತಳಿಯಲ್ಲೂ ಚೂಪು. ಮಕ್ಕಳು ಓಡಾಡುವ ಬಾಲ್ಕನಿಗಿಂತ ಕಾಂಪೌಂಡಿನ ಅಂಚು ವಾಸಿ, ಬೇಲಿಯೂ ಆಗುತ್ತದೆ. ಕಾಯಿ ಕೀಳುವಾಗ ಬಿಳಿ ಹಾಲು ಸುರಿದು ಕೈಗೆ ಅಂಟುತ್ತದೆ. ಕೊಯ್ಯುವ ಮುಂಚೆ ಅಂಗೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಕೊಂಡರೆ ತೊಳೆಯುವುದು ಸುಲಭ.